ಮೇಷ್ಟ್ರ ಫೈಲು, ನಮ್ಮ ಕೆಲಸ (ಭಾಗ 4)

ನಿಮ್ಮ ಮನೇಲಿ ರಿಟೈರ್ ಆದ ಟೀಚರ್ ಇದ್ದಾರಾ? ಹಾಗಾದ್ರೆ ಇದು ನಿಮಗೇ.

ನಮ್ಮಜ್ಜ ಪ್ರೈಮರಿ ಸ್ಕೂಲ್ ಮೇಷ್ಟ್ರು. ಊರಿನ ಅರ್ಧ ಜನರ ಅರ್ಜಿ ತುಂಬಿಕೊಟ್ಟೋರು. ಕಳೆದ ತಿಂಗಳು ಅಜ್ಜಿಗೆ ಆಪರೇಷನ್ ಅಂದಾಗ ಎರಡು ರಾತ್ರಿ ನಿದ್ದೆ ಮಾಡ್ಲಿಲ್ಲ. "ಶುಗರ್ ಮೊದಲೇ ಇತ್ತಲ್ಲ, ಇನ್ಶೂರೆನ್ಸ್‌ನವರು ಕೊಡಲ್ಲ ಅಂದ್ರೆ?"

"ಟೆನ್ಷನ್ ಬೇಡ ಅಜ್ಜ, ಧ್ಯಾನ ಮಾಡಿ" ಅಂದೆ. ತಪ್ಪು ನಂದೇ. ಕಾಗದದಿಂದ ಹುಟ್ಟಿದ ಟೆನ್ಷನ್ ಕಾಗದ ಓದಿದ್ರೇ ಹೋಗೋದು. ಕೂತು ಪಾಲಿಸಿ ಓದಿದ್ವಿ. ಮೊದಲೇ ಇದ್ದ ಕಾಯಿಲೆಗೆ ಕಾಯೋ ಅವಧಿ ಈಗ ಹೆಚ್ಚೆಂದ್ರೆ 3 ವರ್ಷ; ಅಜ್ಜಂದು ಮುಗಿದಿತ್ತು. ಅವತ್ತು ಅಜ್ಜ ಮಲಗಿದ್ರು.

ಬಿಕಾಂ ಓದೋ ನಮಗೆ 80ಡಿ ಪರೀಕ್ಷೆಗೆ ಮಾತ್ರ ನೆನಪಾಗುತ್ತೆ. ಹಿರಿಯರ ಪ್ರೀಮಿಯಂಗೆ ಹಳೇ ಟ್ಯಾಕ್ಸ್ ಪದ್ಧತಿಯಲ್ಲಿ 50,000ದವರೆಗೆ ವಿನಾಯಿತಿ ಇದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಹೆಲ್ತ್ ಪಾಲಿಸಿಗೆ ಜಿಎಸ್‌ಟಿ ಇಲ್ಲ. ಇದನ್ನ ಮನೇಲಿ ಹೇಳಿದ್ದೀರಾ?

ಈ ಭಾನುವಾರ ಒಂದು ಗಂಟೆ ಕೊಡಿ. ಪಾಲಿಸಿ ನಂಬರ್, ರಿನ್ಯೂವಲ್ ದಿನ, ಹತ್ತಿರದ ನೆಟ್‌ವರ್ಕ್ ಆಸ್ಪತ್ರೆ: ದಪ್ಪ ಅಕ್ಷರದಲ್ಲಿ ಒಂದೇ ಹಾಳೆಗೆ ಬರೆದು ಬೀರುವಿಗೆ ಅಂಟಿಸಿ. ಆಮೇಲೂ ಆತಂಕ ಉಳಿದ್ರೆ ಟೆಲಿ ಮಾನಸ್ 14416 ಇದೆ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ನಮಗೆ ಅಕ್ಷರ ಕಲಿಸಿದವರಿಗೆ ಒಂದು ಹಾಳೆ ಓದಿ ಹೇಳೋದು ಉಪಕಾರ ಅಲ್ಲ ಕಣ್ರೋ, ಬಾಕಿ.