ನಗಬೇಡಿ, ಉತ್ತರ ಹೇಳಿ

ಕ್ರಿಪ್ಟೋದಲ್ಲಿ ದುಡ್ಡು ಕಳೆದುಕೊಂಡವರು ಒಬ್ಬರಾದರೂ ನಿಮಗೆ ಗೊತ್ತಿರುತ್ತಾರೆ. ಆಫೀಸಿನಲ್ಲಿ ಪಕ್ಕದ ಟೇಬಲ್ಲಿನವರೋ, ಭಾವಮೈದುನನೋ, ಊರಿನ ಮೊಬೈಲ್ ಅಂಗಡಿಯ ಹುಡುಗನೋ. ಸುದ್ದಿ ಕಿವಿಗೆ ಬಿದ್ದಾಗ ಆಡಬೇಕಾದ ಮಾತೂ ನಮ್ಮ ನಾಲಿಗೆಯ ತುದಿಯಲ್ಲೇ ಇರುತ್ತದೆ: "ದುರಾಸೆ, ಇನ್ನೇನು." ಅಷ್ಟು ಹೇಳಿ ಕಾಫಿ ಮುಗಿಸಿ ಎದ್ದು ಹೋಗುತ್ತೇವೆ.

ದುರಾಸೆಯಿಂದ ಕೆಟ್ಟವರು ಇದ್ದಾರೆ. ತಿಂಗಳಿಗೆ ದುಪ್ಪಟ್ಟು ಎಂದವನನ್ನು ನಂಬಿ ಹೋದವರಿದ್ದಾರೆ. ಅವರ ಮಾತು ಇವತ್ತು ಬೇಡ. ನನ್ನ ಕರುಳು ಚುರುಕ್ ಎನ್ನುವುದು ಇನ್ನೊಂದು ಬಗೆಯವರನ್ನು ಕಂಡು. ತಿಳಿಯದ್ದನ್ನು ತಿಳಿದವರ ಬಳಿ ಕೇಳಿ, ಅವರಿಂದ ನಗೆಪಾಟಲಾಗಿ, ಕೊನೆಗೆ ಕಳ್ಳನಿಂದ ಉತ್ತರ ಪಡೆದು ಮುಳುಗಿದವರು ಇವರು. ಕಳ್ಳನ ಕೆಲಸ ಕದಿಯುವುದು. ಅವನನ್ನು ಪೊಲೀಸರು ನೋಡಿಕೊಳ್ಳಲಿ. ನನ್ನ ಜಗಳ ಇರುವುದು ಉತ್ತರ ಗೊತ್ತಿದ್ದೂ ನಕ್ಕವರ ಜೊತೆ.

ಹಾಸನದ ಕಡೆಯ ಹುಡುಗ, ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ. ಓವರ್‌ಟೈಮ್ ಮಾಡಿ ಉಳಿಸಿದ್ದರಲ್ಲಿ ಸ್ವಲ್ಪ ಬಿಟ್‌ಕಾಯಿನ್ ಕೊಂಡು ಫೋನಿನ ವಾಲೆಟ್‌ನಲ್ಲಿ ಇಟ್ಟುಕೊಂಡಿದ್ದ. ಒಂದಿಷ್ಟನ್ನು ಇನ್ನೊಂದು ವಾಲೆಟ್‌ಗೆ ಕಳಿಸಲು ಹೋಗಿ, ದುಡ್ಡು ಉಳಿಯಲಿ ಎಂದು ಎಲ್ಲಕ್ಕಿಂತ ಕಡಿಮೆ ಫೀ ಆರಿಸಿದ. ಸಂಜೆಯಾದರೂ ಪೆಂಡಿಂಗ್. ಬೆಳಗಾದರೂ ಪೆಂಡಿಂಗ್. ಸಾವಿರಾರು ಜನರಿದ್ದ ಟೆಲಿಗ್ರಾಂ ಗುಂಪೊಂದರಲ್ಲಿ ಕೇಳಿದ: "ಸರ್, ನನ್ನ ದುಡ್ಡು ಸಿಕ್ಕಿಹಾಕಿಕೊಂಡಿದೆ, ಏನು ಮಾಡಲಿ?" ಒಬ್ಬ ನಗುವ ಚಿತ್ರ ಹಾಕಿದ. ಇನ್ನೊಬ್ಬ "ಮೊದಲು ಓದಿಕೊಂಡು ಬಾ" ಎಂದ. ಮತ್ತೊಬ್ಬ "ಇಂಥವರೆಲ್ಲ ಬಂದ ಮೇಲೇ ಮಾರ್ಕೆಟ್ ಬೀಳುವುದು" ಎಂದು ಚಟಾಕಿ ಹಾರಿಸಿದ. ಅದಕ್ಕೆ ಮತ್ತಷ್ಟು ನಗು.

ಸ್ವಲ್ಪ ಹೊತ್ತಿಗೆ ಅವನಿಗೆ ಖಾಸಗಿಯಾಗಿ ಒಂದು ಸಂದೇಶ ಬಂತು. ಹೆಸರಿನ ಜಾಗದಲ್ಲಿ "ಸಪೋರ್ಟ್" ಎಂದಿತ್ತು. ಇಡೀ ಗುಂಪಿನಲ್ಲಿ ಹುಡುಗನ ಜೊತೆ ಮರ್ಯಾದೆಯಿಂದ ಮಾತನಾಡಿದವನು ಅವನೊಬ್ಬನೇ. ಸಮಾಧಾನ ಹೇಳಿದ, ವಾಲೆಟ್ "ಸಿಂಕ್" ಮಾಡಿದರೆ ಸರಿಹೋಗುತ್ತದೆ ಎಂದ, ಒಂದು ಲಿಂಕ್ ಕಳಿಸಿದ. ಅದರಲ್ಲಿ ಹನ್ನೆರಡು ಖಾಲಿ ಚೌಕ. ಹುಡುಗ ತನ್ನ ವಾಲೆಟ್‌ನ ಹನ್ನೆರಡು ಗುಪ್ತ ಪದಗಳನ್ನೂ ತುಂಬಿದ. ವಾಲೆಟ್‌ನಲ್ಲಿ ಉಳಿದಿದ್ದದ್ದು ಹೋಯಿತು. ಪೆಂಡಿಂಗ್ ಇದ್ದದ್ದೂ ಹೋಯಿತು: ಕಳ್ಳ ಅದೇ ಹಣವನ್ನು ಹೆಚ್ಚಿನ ಫೀ ಇಟ್ಟು ತನ್ನ ವಿಳಾಸಕ್ಕೆ ತಿರುಗಿಸಿಕೊಂಡ.

ಇದು ನಿಮಗೆ ಅರ್ಥವಾಗಬೇಕು. ಫೀ ಏರಿಸಿದರೆ ಸಿಕ್ಕಿಬಿದ್ದ ಹಣ ಸಾಗುತ್ತದೆ ಎಂಬುದೇ ಆ ಹುಡುಗನಿಗೆ ಬೇಕಿದ್ದ ಉತ್ತರ. ಅದನ್ನು ಅವನಿಗೆ ಯಾರೂ ಹೇಳಲಿಲ್ಲ. ಅದೇ ತಿಳಿವಳಿಕೆಯನ್ನು ಅವನ ಮೇಲೆ ಬಳಸಿದ್ದು ಕಳ್ಳ. ಉತ್ತರ ಗೊತ್ತಿದ್ದ ಹತ್ತಾರು ಜನ ಕೂತು ನಗುತ್ತಿದ್ದರು.

ಏನು ಅಷ್ಟು ದೊಡ್ಡ ವಿದ್ಯೆ ಅದು? ಬಿಟ್‌ಕಾಯಿನ್ ಜಾಲದಲ್ಲಿ ಸುಮಾರು 10 ನಿಮಿಷಕ್ಕೊಂದು ಬ್ಲಾಕ್, ಅಂದರೆ ವ್ಯವಹಾರಗಳ ಕಟ್ಟು, ಸೇರುತ್ತದೆ. ಒಂದು ಬ್ಲಾಕ್‌ನಲ್ಲಿ ಹಿಡಿಯುವ ವ್ಯವಹಾರಗಳಿಗೆ ಮಿತಿಯಿದೆ. ಕಳಿಸಿದ್ದೆಲ್ಲ ಮೊದಲು ಮೆಂಪೂಲ್ ಎಂಬ ಕಾಯುವ ಸಾಲಿಗೆ ಹೋಗುತ್ತದೆ. ಹೆಚ್ಚು ಫೀ ಕೊಟ್ಟವರದ್ದನ್ನು ಬ್ಲಾಕ್ ಕಟ್ಟುವ ಮೈನರ್‌ಗಳು ಮೊದಲು ಎತ್ತಿಕೊಳ್ಳುತ್ತಾರೆ. ಕಡಿಮೆ ಕೊಟ್ಟವರು ಕಾಯಬೇಕು. ಆತುರವಿದ್ದರೆ ಅನೇಕ ವಾಲೆಟ್‌ಗಳಲ್ಲಿ ಅದೇ ವ್ಯವಹಾರಕ್ಕೆ ಫೀ ಏರಿಸುವ ಸೌಲಭ್ಯವಿದೆ. ಏನೂ ಮಾಡದೆ ಬಿಟ್ಟರೂ, ಸಾಮಾನ್ಯವಾಗಿ ಎರಡು ವಾರದಲ್ಲಿ ಜಾಲದ ಕಂಪ್ಯೂಟರುಗಳು ಅದನ್ನು ಸಾಲಿನಿಂದ ಕೈಬಿಡುತ್ತವೆ. ಹಣ ಎಲ್ಲಿಗೂ ಹೋಗಿರುವುದಿಲ್ಲ. ಇಷ್ಟನ್ನು ಬರೆಯಲು ಎರಡು ನಿಮಿಷ ಸಾಕು. "ಗಾಬರಿಯಾಗಬೇಡಪ್ಪ, ದುಡ್ಡು ನಿನ್ನದೇ ಆಗಿದೆ, ಕಾಯಿ" ಎನ್ನಲು ಎರಡು ನಿಮಿಷವೂ ಬೇಡ.

ಬಲ್ಲವರು ನಗುವ ಪ್ರಶ್ನೆಗಳನ್ನೇ ನೋಡಿ. ಅವುಗಳಲ್ಲಿ ಒಂದೂ ದಡ್ಡ ಪ್ರಶ್ನೆಯಲ್ಲ. ನಮ್ಮ ಜನ ದುಡ್ಡು ಕಳಿಸುವುದನ್ನು ಕಲಿತದ್ದು ಯುಪಿಐನಲ್ಲಿ. ಅಲ್ಲಿ ತರಕಾರಿಯವಳಿಗೆ ಇಪ್ಪತ್ತು ರೂಪಾಯಿ ಕಳಿಸಿದರೂ ಖರ್ಚಿಲ್ಲ, ಕ್ಷಣದಲ್ಲಿ ಮುಟ್ಟುತ್ತದೆ, ಫೇಲ್ ಆದರೆ ವಾಪಸ್ ಬರುತ್ತದೆ, ತಪ್ಪಾದರೆ ದೂರು ಹೇಳಲು ಬ್ಯಾಂಕ್ ಇದೆ. ಅಲ್ಲಿಂದ ಬಂದವನು "ಫೀ ಯಾಕೆ? ಇಷ್ಟು ಹೊತ್ತು ಯಾಕೆ? ತಪ್ಪು ವಿಳಾಸಕ್ಕೆ ಹೋದದ್ದನ್ನು ವಾಪಸ್ ತರಿಸುವುದು ಹೇಗೆ?" ಎಂದು ಕೇಳಿದರೆ ಅದು ಲೆಕ್ಕ ತಿಳಿದವನ ಪ್ರಶ್ನೆ. ಕೇಳದವನ ಬಗ್ಗೆ ನಾವು ಹೆದರಬೇಕು.

"ಐನೂರು ರೂಪಾಯಿ ಕಳಿಸಿದರೂ ಅಷ್ಟೇ ಫೀ, ಐದು ಲಕ್ಷ ಕಳಿಸಿದರೂ ಅಷ್ಟೇ ಫೀ, ಇದೆಂಥ ನ್ಯಾಯ?" ಒಳ್ಳೆಯ ಪ್ರಶ್ನೆ. ಬಸ್ಸಿನಲ್ಲಿ ಲಗೇಜಿಗೆ ಚಾರ್ಜು ಹಾಕುವ ಕಂಡಕ್ಟರು ಚೀಲದ ತೂಕ ನೋಡುತ್ತಾನೆ. ಒಳಗೆ ರೇಷ್ಮೆ ಸೀರೆಯಿದೆಯೋ ಈರುಳ್ಳಿಯಿದೆಯೋ ಅವನಿಗೆ ಬೇಕಿಲ್ಲ. ಬಿಟ್‌ಕಾಯಿನ್ ಫೀ ಕೂಡ ವ್ಯವಹಾರ ದಾಖಲೆಯ ಗಾತ್ರವನ್ನೂ ಆ ಹೊತ್ತಿನ ನೂಕುನುಗ್ಗಲನ್ನೂ ನೋಡುತ್ತದೆ, ಮೊತ್ತವನ್ನು ನೋಡುವುದಿಲ್ಲ. 2024ರ ಏಪ್ರಿಲ್‌ನಲ್ಲಿ ಹಾಲ್ವಿಂಗ್ (ಮೈನರ್‌ಗಳಿಗೆ ಸಿಗುವ ಹೊಸ ನಾಣ್ಯ ಅರ್ಧಕ್ಕೆ ಇಳಿಯುವುದು) ಆದ ಹೊತ್ತಿಗೆ ನೂಕುನುಗ್ಗಲು ಎಷ್ಟಿತ್ತೆಂದರೆ ಒಂದು ದಿನದ ಸರಾಸರಿ ಫೀ ನೂರು ಡಾಲರ್ ದಾಟಿತ್ತು. ಆ ದಿನ ಹೊಸಬನೊಬ್ಬ "ಇವತ್ತು ಕಳಿಸಲೇ?" ಎಂದು ಕೇಳಿದ್ದರೆ "ನಾಲ್ಕು ದಿನ ತಡೆ" ಎಂಬ ಮೂರು ಪದ ಅವನ ಒಂದು ವಾರದ ಕೂಲಿಯನ್ನು ಉಳಿಸುತ್ತಿತ್ತು.

"ಎಥೀರಿಯಂನಲ್ಲಿ ಟ್ರಾನ್ಸಾಕ್ಷನ್ ಫೇಲ್ ಆಗಿದೆ, ಫೀ ಮಾತ್ರ ಕಟ್ ಆಗಿದೆ, ಇದು ಮೋಸವಲ್ಲವೆ?" ಮೋಸವಲ್ಲ. ಎಥೀರಿಯಂ ಬಿಟ್‌ಕಾಯಿನ್‌ನಂತೆ ಇನ್ನೊಂದು ಜಾಲ; ವ್ಯವಹಾರವನ್ನು ಅದು ಲೆಕ್ಕ ಮಾಡಿ ನೋಡಿದ್ದಕ್ಕೆ ಆ ಖರ್ಚು. ಫಲ ಸಿಗದಿದ್ದರೂ ಲೆಕ್ಕ ಮಾಡಿದ್ದು ಮಾಡಿದ್ದೇ. 2021ರ ಆಗಸ್ಟ್‌ನಿಂದ ಆ ಫೀಯ ಮೂಲ ಭಾಗ ಯಾರ ಜೇಬಿಗೂ ಹೋಗದೆ ಜಾಲದಲ್ಲೇ ಸುಟ್ಟುಹೋಗುತ್ತದೆ. ಇದನ್ನು ಹೇಳಿದರೆ ಕೇಳಿದವನ ಮನಸ್ಸಿನ ಅರ್ಧ ಕಹಿ ಇಳಿಯುತ್ತದೆ. ಹೇಳದಿದ್ದರೆ "ರೀಫಂಡ್ ಕೊಡಿಸುತ್ತೇನೆ" ಎನ್ನುವವನು ಬರುತ್ತಾನೆ. ಈ ಲೋಕದಲ್ಲಿ ರೀಫಂಡ್ ಕೊಡಿಸುತ್ತೇನೆ ಎಂದು ತಾನಾಗಿ ಮುಂದೆ ಬಂದವನಷ್ಟು ಅಪಾಯದವನು ಇನ್ನೊಬ್ಬನಿಲ್ಲ.

"ವಾಲೆಟ್‌ನಲ್ಲಿ ಯುಎಸ್‌ಡಿಟಿ ಇದೆ, ಆದರೆ ಕಳಿಸಲಿಕ್ಕಾಗುತ್ತಿಲ್ಲ." ಡಾಲರ್ ಬೆಲೆಗೆ ಕಟ್ಟಿದ ನಾಣ್ಯ ಈ ಯುಎಸ್‌ಡಿಟಿ. ಟ್ರಾನ್ ಎಂಬ ಜಾಲದಲ್ಲಿರುವ ಯುಎಸ್‌ಡಿಟಿಯನ್ನು ಕಳಿಸಲು ಸಾಮಾನ್ಯವಾಗಿ ಟಿಆರ್‌ಎಕ್ಸ್ ಬೇಕು, ಎಥೀರಿಯಂ ಜಾಲದಲ್ಲಿದ್ದರೆ ಈಥರ್ ಬೇಕು. ಫೀ ಕಟ್ಟುವುದು ಆಯಾ ಜಾಲದ ನಾಣ್ಯದಲ್ಲಿ. ಇಷ್ಟು ಸಣ್ಣ ಸಂಗತಿಯ ಸುತ್ತ ಕಳ್ಳರು ಎಂಥ ಬಲೆ ಹೆಣೆದಿದ್ದಾರೆ ಗೊತ್ತೇ? ಏನೂ ಅರಿಯದವನ ವೇಷ ಹಾಕಿ, ತನ್ನ ವಾಲೆಟ್‌ನ ಗುಪ್ತ ಪದಗಳನ್ನೇ ಎಲ್ಲರೆದುರು ಬರೆದು, "ಇದರಲ್ಲಿ ದುಡ್ಡಿದೆ, ತೆಗೆಯುವುದು ಹೇಗೆ?" ಎಂದು ಕೇಳುತ್ತಾರೆ. ತೆಗೆದುಕೊಳ್ಳೋಣ ಎಂದು ಹೋದವನು ಫೀಗೆಂದು ಟಿಆರ್‌ಎಕ್ಸ್ ಹಾಕುತ್ತಾನೆ. ಹಾಕಿದ್ದು ಹಾಕಿದಂತೆ ಮಾಯ. ಯುಎಸ್‌ಡಿಟಿ ಅಲ್ಲಾಡುವುದಿಲ್ಲ. ಹೊಸಬನ ಪ್ರಶ್ನೆ ಹೇಗಿರುತ್ತದೆ ಎಂಬುದನ್ನು ಕಳ್ಳರು ಇಷ್ಟು ಶ್ರದ್ಧೆಯಿಂದ ಅಭ್ಯಾಸ ಮಾಡಿದ್ದಾರೆ. ಅದರ ಕಾಲುಭಾಗ ಶ್ರದ್ಧೆ ಬಲ್ಲವರಿಗೆ ಇಲ್ಲವೆಂದರೆ ನಾಚಿಕೆಯಾಗಬೇಕು.

ಇನ್ನು ಆ ಹನ್ನೆರಡು ಪದ. 2048 ಪದಗಳ ಒಂದು ಪಟ್ಟಿಯಿಂದ ಹನ್ನೆರಡನ್ನೋ ಇಪ್ಪತ್ನಾಲ್ಕನ್ನೋ ವಾಲೆಟ್ ಆರಿಸಿಕೊಡುತ್ತದೆ. ನಿಮ್ಮ ನಾಣ್ಯಗಳ ಲೆಕ್ಕವಿರುವುದು ಜಾಲದಲ್ಲಿ. ಅವುಗಳ ಮೇಲಿನ ಅಧಿಕಾರವಿರುವುದು ಆ ಪದಗಳಲ್ಲಿ. ಫೋನ್ ನೀರಿಗೆ ಬಿದ್ದರೂ ಪದಗಳಿದ್ದರೆ ಹಣ ಉಳಿಯುತ್ತದೆ. ಪದ ಇನ್ನೊಬ್ಬನ ಕೈಗೆ ಹೋದರೆ ಫೋನ್ ಜೇಬಿನಲ್ಲೇ ಇದ್ದರೂ ಹಣ ಹೋಗುತ್ತದೆ. ಆ ಪದಗಳನ್ನು ಕಾಗದದ ಮೇಲೆ ಬರೆದು ಭದ್ರವಾಗಿಡಬೇಕು. ಫೋಟೋ ತೆಗೆಯಬಾರದು, ವಾಟ್ಸಾಪ್‌ನಲ್ಲಿ ಕಳಿಸಬಾರದು. ಸಹಾಯಕ್ಕೆ ಎಂದು ಅದನ್ನು ಕೇಳುವವನು ಯಾರೇ ಆಗಿರಲಿ, ಕಳ್ಳ. ಈ ಮಾತಿಗೆ ವಿನಾಯಿತಿ ಇಲ್ಲ. ಆ ಪದಪಟ್ಟಿ ಜಪಾನಿ, ಕೊರಿಯನ್, ಸ್ಪ್ಯಾನಿಷ್, ಜೆಕ್ ಭಾಷೆಗಳಲ್ಲೂ ಇದೆ, ಕನ್ನಡದಲ್ಲಿಲ್ಲ. ಎಚ್ಚರಿಕೆಯ ಮಾತುಗಳೂ ಬಹುಪಾಲು ಇಂಗ್ಲಿಷಿನಲ್ಲೇ ಇವೆ. ಪಟ್ಟಿಯನ್ನು ಕನ್ನಡಕ್ಕೆ ತರುವುದು ನಾಳೆಯ ಕೆಲಸವಾಗಲಿ. ಎಚ್ಚರಿಕೆಯನ್ನು ಕನ್ನಡದಲ್ಲಿ ಹೇಳಲು ಯಾರ ಅಪ್ಪಣೆ ಬೇಕು?

ಬೆಂಗಳೂರಿನಲ್ಲಿ ಇದನ್ನೆಲ್ಲ ನಿದ್ದೆಗಣ್ಣಿನಲ್ಲೂ ಹೇಳಬಲ್ಲ ಕನ್ನಡಿಗರು ಬೇಕಾದಷ್ಟಿದ್ದಾರೆ. ದೇಶದ ಮೊದಲ ಬಿಟ್‌ಕಾಯಿನ್ ಕಂಪನಿಗಳಲ್ಲಿ ಒಂದಾದ ಯುನೋಕಾಯಿನ್ 2013ರಲ್ಲಿ ಶುರುವಾದದ್ದು ನಮ್ಮ ತುಮಕೂರಿನಿಂದ. ವಿದ್ಯೆ ಇಲ್ಲೇ ಇದೆ ಸ್ವಾಮಿ, ಉತ್ತರ ಹೇಳುವ ಬಾಯಿ ಇಲ್ಲ. ಬಲ್ಲವರೇ, ನೀವು ಕಲಿತದ್ದು ಯಾರಿಂದ? ನಿಮಗೆ ಮುಂಚೆ ಬಂದವರು, ಮುಖ ನೋಡದವರು, ಹೆಸರು ಗೊತ್ತಿಲ್ಲದವರು ತಾಳ್ಮೆಯಿಂದ ಬರೆದಿಟ್ಟ ಉತ್ತರಗಳಿಂದ. ಅವರ ಅನ್ನ ಉಂಡು ಹಿಂದೆ ಬರುವವರಿಗೆ ಬಾಗಿಲು ಹಾಕುತ್ತಿದ್ದೀರಿ.

"ಈ ಜೂಜಿಗೆ ಯಾಕೆ ಹೋಗಬೇಕು, ಹೋಗದಿದ್ದರಾಯಿತು" ಎನ್ನುವ ಹಿರಿಯರಿಗೂ ಒಂದು ಮಾತು. ಕೊಳ್ಳಿ ಎಂದು ನಾನು ಯಾರಿಗೂ ಹೇಳುತ್ತಿಲ್ಲ. ಹೋಗಬೇಡ ಎಂಬ ನಿಮ್ಮ ಬುದ್ಧಿಮಾತನ್ನು ಹೋಗುವ ಮೊದಲು ಧಾರಾಳವಾಗಿ ಹೇಳಿ. ಹೋದವನು ನಡುನೀರಿನಲ್ಲಿ ನಿಂತು ಕೂಗುವಾಗ ಅದು ಉತ್ತರವಲ್ಲ. ಇದು ಕದ್ದುಮುಚ್ಚಿ ಮಾಡುವ ವ್ಯವಹಾರವೂ ಅಲ್ಲ: ಬ್ಯಾಂಕುಗಳನ್ನು ಕ್ರಿಪ್ಟೋದಿಂದ ದೂರವಿಟ್ಟ ರಿಸರ್ವ್ ಬ್ಯಾಂಕಿನ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ರದ್ದುಮಾಡಿತು. 2022ರ ಏಪ್ರಿಲ್‌ನಿಂದ ಲಾಭದ ಮೇಲೆ ಶೇ 30 ತೆರಿಗೆ, ಅದೇ ವರ್ಷದ ಜುಲೈನಿಂದ ಮಾರಿದಾಗ ಸಾಮಾನ್ಯವಾಗಿ ಶೇ 1 ಟಿಡಿಎಸ್. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲೂ ಬಿಡುವುದಿಲ್ಲ. ಸರ್ಕಾರ ತೆರಿಗೆ ಎತ್ತುತ್ತದೆ, ಕ್ರಿಪ್ಟೋ ಕೊಂಡು ಮಾರುವ ಎಕ್ಸ್‌ಚೇಂಜ್‌ಗಳು ಕಮಿಷನ್ ಎತ್ತುತ್ತವೆ. ಈ ಸಾಲಿನಲ್ಲಿ ಬರಿಗೈಯಲ್ಲಿ ನಿಂತಿರುವವನು ಪ್ರಶ್ನೆ ಕೇಳಿದವನೊಬ್ಬನೇ.

2024ರ ಜುಲೈ ನೆನಪಿದೆಯೇ? ವಜೀರ್‌ಎಕ್ಸ್ ಎಂಬ ಎಕ್ಸ್‌ಚೇಂಜಿನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೋ ಕಳುವಾಗಿ, ಹಣ ತೆಗೆಯುವುದೇ ನಿಂತುಹೋಯಿತು. ಆ ದಿನ ಎಷ್ಟೋ ಜನರಿಗೆ ಮೊದಲ ಸಲ ತಿಳಿದದ್ದು ಇದು: ಎಕ್ಸ್‌ಚೇಂಜಿನ ಆ್ಯಪ್‌ನಲ್ಲಿ ಕಾಣುವ ನಾಣ್ಯದ ಕೀಲಿ ಎಕ್ಸ್‌ಚೇಂಜಿನ ಬಳಿ ಇರುತ್ತದೆ, ನಮ್ಮ ಬಳಿ ಅಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು. ಅದಕ್ಕೂ ಮೊದಲು "ಆ್ಯಪ್‌ನಲ್ಲಿ ಇಟ್ಟರೂ ಒಂದೇ, ಸ್ವಂತ ವಾಲೆಟ್‌ನಲ್ಲಿ ಇಟ್ಟರೂ ಒಂದೇ ಅಲ್ಲವೆ?" ಎಂದು ಕೇಳಿದವರು ಇದ್ದರು. ಅವರಿಗೆ ಸಿಕ್ಕದ್ದೂ ನಗುವೇ.

ನಾನು ಕೇಳುವುದು ಹೆಚ್ಚೇನಿಲ್ಲ. ಗೊತ್ತಿದ್ದವರು ದಿನಕ್ಕೊಂದು ಪ್ರಶ್ನೆಗೆ, ಎಲ್ಲರೂ ಓದುವ ಕಡೆ, ಕನ್ನಡದಲ್ಲಿ ಉತ್ತರ ಬರೆಯಿರಿ. ಖಾಸಗಿ ಸಂದೇಶದಲ್ಲಿ ಬೇಡ. ಒಳ್ಳೆಯವರೂ ಅಲ್ಲಿಗೇ ಹೋದರೆ ಕಳ್ಳ ಯಾರೆಂದು ಗುರುತಿಸುವುದು ಹೇಗೆ? ಮೊದಲ ಸಾಲಿನಲ್ಲೇ "ನಿನ್ನ ಪದಗಳನ್ನು ಯಾರಿಗೂ ಕೊಡಬೇಡ, ದೊಡ್ಡ ಮೊತ್ತ ಕಳಿಸುವ ಮೊದಲು ಚಿಲ್ಲರೆ ಮೊತ್ತ ಕಳಿಸಿ ನೋಡು" ಎಂದು ಬರೆಯಿರಿ. ಕಳೆದುಕೊಂಡವರಿಗೆ ಬುದ್ಧಿ ಹೇಳುವ ಮೊದಲು ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ, ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆಗೆ ಜೊತೆಯಲ್ಲಿ ಹೋಗಿ. ಕೇಳುವವರೇ, ನೀವು ನಾಚಬೇಡಿ. ಮರುತ್ತರ ಬರುವವರೆಗೆ ಕಾಯಿರಿ, ತಾನಾಗಿ ಹುಡುಕಿಕೊಂಡು ಬಂದ ಸಹಾಯವನ್ನು ಮುಟ್ಟಬೇಡಿ.

ಇವತ್ತು ರಾತ್ರಿಯೂ ಯಾವುದೋ ಗುಂಪಿನಲ್ಲಿ ಯಾರೋ ಒಬ್ಬರು "ಸರ್, ದುಡ್ಡು ಸಿಕ್ಕಿಹಾಕಿಕೊಂಡಿದೆ" ಎಂದು ಬರೆಯುತ್ತಾರೆ. ಅದನ್ನು ನೀವೂ ನೋಡುತ್ತೀರಿ, ಕಳ್ಳನೂ ನೋಡುತ್ತಾನೆ. ಅವನು ತಡ ಮಾಡುವುದಿಲ್ಲ, ಸೋಮಾರಿತನ ಮಾಡುವುದಿಲ್ಲ, ಹೀಯಾಳಿಸುವುದಿಲ್ಲ. ಅವನಿಗಿಂತ ಮೊದಲು ನೀವು ಉತ್ತರ ಹೇಳದೆ ಹೋದರೆ, ನಾಳೆ ಆ ಮನೆಯ ದುಡ್ಡು ಹೋದ ಸುದ್ದಿ ಬಂದಾಗ "ದುರಾಸೆ" ಎಂದು ನಾಲಿಗೆ ಆಡಿಸುವ ಹಕ್ಕು ನಿಮಗಿಲ್ಲ. ಹೇಳಿ, ಈಗಲೇ ಹೇಳಿ.