ನಡೆಯಲಾರದ ಮಗು ಮತ್ತು ನಮ್ಮ ಸಹನೆಯ ಅರ್ಥ

ಮನೆಯಲ್ಲಿ ಅಂಗವೈಕಲ್ಯವುಳ್ಳ ಮಗುವೊಂದು ಜನಿಸಿದಾಗ ನಮ್ಮ ಸಮಾಜವು ಹೆತ್ತವರಿಗೆ ಹೇಳುವ ಮೊದಲ ಮಾತು, 'ಸಬ್ರ್ ಮಾಡಿರಿ, ಇದು ಅಲ್ಲಾಹನ ಪರೀಕ್ಷೆ' ಎಂಬುದು. ಮಾತು ಸತ್ಯವೇ. ವಿಶ್ವಾಸಿಯ ಪಾಲಿಗೆ ಸಂತಾನವೂ ಪರೀಕ್ಷೆ, ಸಂಪತ್ತೂ ಪರೀಕ್ಷೆ, ಆರೋಗ್ಯವೂ ಪರೀಕ್ಷೆ. ಆದರೆ ಸಾಂತ್ವನ ಹೇಳಿದವರು ಎದ್ದು ಹೋದ ಬಳಿಕ ಆ ತಾಯಿ ಏನು ಮಾಡಬೇಕು? ಪರೀಕ್ಷೆಗೆ ಕುಳಿತವನು ಉತ್ತರ ಬರೆಯಬೇಕಾಗುತ್ತದೆ. ಪ್ರಶ್ನೆಪತ್ರಿಕೆಯನ್ನು ನೋಡುತ್ತಾ ಕುಳಿತರೆ ಸಾಲದು. ಸೆರೆಬ್ರಲ್ ಪಾಲ್ಸಿಗೆ ಒಳಗಾದ ಮಗುವಿನ ವಿಷಯದಲ್ಲಂತೂ ಸಹನೆಯ ಹೆಸರಿನಲ್ಲಿ ಸುಮ್ಮನೆ ಕಳೆದ ಪ್ರತಿಯೊಂದು ತಿಂಗಳ ಬೆಲೆಯನ್ನು ಆ ಮಗು ತನ್ನ ಕೈಕಾಲುಗಳಿಂದ ತೆರಬೇಕಾಗುತ್ತದೆ.

ಸೆರೆಬ್ರಲ್ ಪಾಲ್ಸಿಯು ಬೆಳೆಯುತ್ತಿರುವ ಮಿದುಳಿಗೆ ಗರ್ಭದಲ್ಲಿ, ಹೆರಿಗೆಯ ವೇಳೆಯಲ್ಲಿ ಅಥವಾ ಶೈಶವದ ಆರಂಭದಲ್ಲಿ ತಗಲಿದ ಘಾಸಿಯ ಫಲ. ಹೆರಿಗೆಯಲ್ಲಿ ಆಮ್ಲಜನಕದ ಕೊರತೆ, ಅವಧಿಗೆ ಮುನ್ನ ಜನನ, ಲಕ್ಷಿಸದೆ ಬಿಟ್ಟ ತೀವ್ರ ಕಾಮಾಲೆ, ಮಿದುಳಿನ ಪೊರೆಯ ಸೋಂಕು - ಇವು ಅದರ ಕಾರಣಗಳಲ್ಲಿ ಕೆಲವು. ಮಿದುಳಿನ ಆ ಘಾಸಿಯು ಮುಂದೆ ಹೆಚ್ಚುತ್ತಾ ಹೋಗುವುದಿಲ್ಲ. ಆದರೆ ದೇಹದ ಕಥೆ ಬೇರೆ. ಮೂಳೆ ಬೆಳೆಯುತ್ತದೆ, ಬಿಗಿದ ಸ್ನಾಯು ಅದರೊಂದಿಗೆ ಬೆಳೆಯುವುದಿಲ್ಲ. ಮೊಣಕಾಲು ಮಡಚಿದಲ್ಲೇ ಸೆಟೆದು ನಿಲ್ಲುತ್ತದೆ, ಸೊಂಟದ ಕೀಲು ಜಾರುತ್ತದೆ, ಬೆನ್ನೆಲುಬು ಬಾಗುತ್ತದೆ. ಮೊದಲ ವರ್ಷದಲ್ಲಿ ಮೃದುವಾಗಿ ಬಿಡಿಸಬಹುದಾಗಿದ್ದ ಕಾಲನ್ನು ಏಳನೆಯ ವರ್ಷದಲ್ಲಿ ಶಸ್ತ್ರಕ್ರಿಯೆಯಿಂದ ಬಿಡಿಸುವುದೂ ಕಷ್ಟವಾಗಬಹುದು. ಮಿದುಳು ಹೊಸ ದಾರಿಗಳನ್ನು ಅತ್ಯಂತ ಸುಲಭವಾಗಿ ಕಲಿಯುವುದೂ ಆ ಮೊದಲ ವರ್ಷಗಳಲ್ಲಿಯೇ.

ಬಡ ರಾಷ್ಟ್ರಗಳಲ್ಲಿ ಕೈಜಾರುವುದು ಇದೇ ವರ್ಷಗಳು. ನೆರೆಯ ಬಾಂಗ್ಲಾದೇಶವನ್ನು ನೋಡೋಣ. ಅಲ್ಲಿ ಸಿರಾಜ್‌ಗಂಜ್ ಜಿಲ್ಲೆಯ ಶಾಹಜಾದ್‌ಪುರದಲ್ಲಿ 2015ರಿಂದ ಈ ಮಕ್ಕಳ ದಾಖಲೆಯನ್ನು ಸಮುದಾಯದ ಮಟ್ಟದಲ್ಲಿ ಕಲೆಹಾಕಲಾಯಿತು. ಸಾವಿರ ಮಕ್ಕಳಲ್ಲಿ ಮೂವರಿಗಿಂತ ಹೆಚ್ಚು ಮಂದಿಗೆ ಸೆರೆಬ್ರಲ್ ಪಾಲ್ಸಿ ಇರುವುದು ಕಂಡುಬಂತು. ಅದಕ್ಕಿಂತಲೂ ನೋವಿನ ಸಂಗತಿಯೆಂದರೆ, ಮಗುವಿಗೆ ಏನಾಗಿದೆಯೆಂದು ಗೊತ್ತಾಗುವಾಗ ಅದಕ್ಕೆ ಸರಾಸರಿ ಐದು ವರ್ಷ ತುಂಬಿರುತ್ತಿತ್ತು. ಆ ಐದು ವರ್ಷಗಳು ಎಲ್ಲಿ ಹೋಗುತ್ತವೆ? ಬಡತನದಲ್ಲಿ, ಆಸ್ಪತ್ರೆಯ ದೂರದಲ್ಲಿ ಮತ್ತು ಜಿನ್ನ್ ಅಥವಾ ಕೆಟ್ಟ ಗಾಳಿ ಸೋಂಕಿದೆಯೆಂಬ ನಂಬಿಕೆಯಲ್ಲಿ. ಜಿನ್ನ್‌ಗಳ ಅಸ್ತಿತ್ವವು ನಮ್ಮ ವಿಶ್ವಾಸದ ಭಾಗ. ಆದರೆ ಬಿಗಿದ ಪ್ರತಿಯೊಂದು ಸ್ನಾಯುವಿಗೂ ಜಿನ್ನನ್ನು ಹೊಣೆ ಮಾಡುವುದು ಅಜ್ಞಾನದ ಭಾಗ. ತಾಯಿತಕ್ಕೆ ಹಣ ಹೊಂದಿಸುವ ನಮ್ಮ ಎಷ್ಟೋ ಮನೆಗಳಿಗೂ ಈ ಮಾತು ಅನ್ವಯಿಸುತ್ತದೆ.

ಅದೇ ಬಾಂಗ್ಲಾದೇಶವು ಪರಿಹಾರದ ಹಾದಿಯನ್ನೂ ತೋರಿಸಿಕೊಟ್ಟಿದೆ. ಬ್ರಿಟನ್ನಿನ ಫಿಸಿಯೋಥೆರಪಿಸ್ಟ್ ವ್ಯಾಲೆರಿ ಟೇಲರ್ ಅವರು 1979ರಲ್ಲಿ ಢಾಕಾದ ಸರಕಾರಿ ಆಸ್ಪತ್ರೆಯೊಂದರ ಬಳಕೆಯಿಲ್ಲದ ಉಗ್ರಾಣದಲ್ಲಿ, ಬೆರಳೆಣಿಕೆಯ ರೋಗಿಗಳೊಂದಿಗೆ ಪುನಶ್ಚೇತನ ಕೇಂದ್ರವೊಂದನ್ನು ತೆರೆದರು. ಇಂದು ಸಾವರ್‌ನಲ್ಲಿರುವ ಆ ಸಂಸ್ಥೆ, ಸಿಆರ್‌ಪಿ, ದೇಶದಲ್ಲಿಯೇ ಫಿಸಿಯೋಥೆರಪಿಸ್ಟ್‌ಗಳನ್ನು ತರಬೇತುಗೊಳಿಸುತ್ತಿದೆ. ಅಲ್ಲಿ ಸೆರೆಬ್ರಲ್ ಪಾಲ್ಸಿಯ ಮಗುವಿನೊಂದಿಗೆ ತಾಯಿಯೂ ಎರಡು ವಾರ ತಂಗುವ ವ್ಯವಸ್ಥೆಯಿದೆ. ಮಗುವನ್ನು ಎತ್ತುವುದು ಹೇಗೆ, ಮಲಗಿಸುವುದು ಹೇಗೆ, ಕೂರಿಸಿ ಉಣಿಸುವುದು ಹೇಗೆ ಎಂಬುದನ್ನು ಆಕೆಯೇ ಕಲಿತು ಊರಿಗೆ ಮರಳುತ್ತಾಳೆ. ಚಿಕಿತ್ಸಕರು ತೀರಾ ವಿರಳವಾಗಿರುವ ನಾಡಿನಲ್ಲಿ ಇದಕ್ಕಿಂತ ವಿವೇಕದ ದಾರಿ ಇಲ್ಲ. ಕೆಲವು ಬಡ ರಾಷ್ಟ್ರಗಳಲ್ಲಿ ಹತ್ತು ಲಕ್ಷ ಜನರಿಗೆ ಹತ್ತು ಮಂದಿಯಷ್ಟೂ ಪರಿಣತರಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

ಫಿಸಿಯೋಥೆರಪಿ ಎಂದರೆ ಎಣ್ಣೆ ತಿಕ್ಕಿ ಕೈಕಾಲು ಎಳೆಯುವುದು ಎಂಬ ತಪ್ಪು ಕಲ್ಪನೆ ನಮ್ಮಲ್ಲಿದೆ. ಬೇರೊಬ್ಬರು ಮಗುವಿನ ಕಾಲನ್ನು ಆಡಿಸುವುದರಿಂದ ಆಗುವ ಪ್ರಯೋಜನ ಅಲ್ಪ. ಮಗು ತಾನಾಗಿ ಪ್ರಯತ್ನಿಸಿದಾಗ, ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡಿದಾಗ ಮಿದುಳು ಕಲಿಯುತ್ತದೆ. ಆಟಿಕೆಯನ್ನು ಸ್ವಲ್ಪ ದೂರದಲ್ಲಿಟ್ಟು ಕೈಚಾಚುವಂತೆ ಮಾಡುವುದು, ಕಂಬಕ್ಕೆ ಆತು ನಿಲ್ಲಿಸಿ ಆಟವಾಡಿಸುವುದು, ಲೋಟವನ್ನು ಎರಡೂ ಕೈಗಳಿಂದ ಹಿಡಿಸುವುದು ಚಿಕಿತ್ಸೆಯೇ. ಮಲಗಿಸಿ ಉಣಿಸಿದರೆ ಗಂಜಿ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಬರಬಹುದು. ನೇರ ಕೂರಿಸಿ, ತಲೆಯನ್ನು ತುಸು ಮುಂದಕ್ಕೆ ಬಾಗಿಸಿ ಉಣಿಸುವುದು ಮಗುವಿನ ಜೀವ ಉಳಿಸುವ ಚಿಕಿತ್ಸೆ. ದುಬಾರಿ ಕುರ್ಚಿಯೂ ಬೇಕೆಂದಿಲ್ಲ. ಜಿಂಬಾಬ್ವೆಯಲ್ಲಿ ಬೆವಿಲ್ ಪ್ಯಾಕರ್ ಎಂಬ ಶಿಕ್ಷಕರು ಹಳೆಯ ಪತ್ರಿಕೆ, ರಟ್ಟು ಮತ್ತು ಹಿಟ್ಟಿನ ಅಂಟನ್ನು ಪದರ ಪದರವಾಗಿ ಸೇರಿಸಿ, ಮಕ್ಕಳ ಭಾರ ಹೊರುವ ಗಟ್ಟಿ ಆಸನಗಳನ್ನು ಮಾಡುವ ವಿಧಾನವನ್ನು ಬೆಳೆಸಿದರು. ಹಣವಿಲ್ಲವೆಂಬ ಕಾರಣಕ್ಕೆ ಮಗುವನ್ನು ಚಾಪೆಯ ಮೇಲೆಯೇ ಬಿಡಬೇಕಾಗಿಲ್ಲ.

ಇನ್ನು ಸಹನೆಯ ವಿಷಯಕ್ಕೆ ಬರೋಣ. ಸಹನೆಯ ಪ್ರತೀಕವಾಗಿ ನಾವು ಸ್ಮರಿಸುವುದು ಪ್ರವಾದಿ ಅಯ್ಯೂಬ್(ಅ)ರನ್ನು. ಅವರ ಪ್ರಾರ್ಥನೆಗೆ ಅಲ್ಲಾಹನು ಓಗೊಟ್ಟಾಗ, ಕಾಲಿನಿಂದ ನೆಲವನ್ನು ಬಡಿಯುವಂತೆ ಆದೇಶಿಸಿದನೆಂದು ಕುರ್‌ಆನಿನ ಸೂರಾ ಸ್ವಾದ್ ತಿಳಿಸುತ್ತದೆ. ನೀರು ಕೊಟ್ಟವನು ಅಲ್ಲಾಹನೇ. ಆದರೂ ರೋಗಿಯ ಕಾಲು ಅಲುಗಬೇಕಾಯಿತು. ಹೆರಿಗೆ ನೋವಿನಲ್ಲಿದ್ದ ಮರ್ಯಮ್(ಅ)ರಿಗೆ ಖರ್ಜೂರದ ಮರವನ್ನು ಅಲುಗಾಡಿಸಲು ಹೇಳಲಾಯಿತು. ಒಂಟೆಯನ್ನು ಕಟ್ಟಿ ಅಲ್ಲಾಹನಲ್ಲಿ ಭರವಸೆಯಿಡಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದರು. ಚಿಕಿತ್ಸೆ ಪಡೆಯಬಹುದೇ ಎಂದು ಕೇಳಿದ ಗ್ರಾಮೀಣ ಅರಬರಿಗೆ, ಪಡೆಯಿರಿ ಎಂದೇ ಉತ್ತರಿಸಿದರು. ಕಿರಿದಾದರೂ ನಿರಂತರವಾಗಿ ಮಾಡುವ ಕರ್ಮವು ಅಲ್ಲಾಹನಿಗೆ ಅತ್ಯಂತ ಪ್ರಿಯವೆಂಬ ಅವರ ಬೋಧನೆಯನ್ನು ಫಿಸಿಯೋಥೆರಪಿಯ ಕೋಣೆಯ ಗೋಡೆಯ ಮೇಲೆ ಬರೆದಿಡಬಹುದು. ಏಕೆಂದರೆ ತಿಂಗಳಿಗೊಮ್ಮೆ ಮೂರು ಗಂಟೆಗಳ ಪ್ರಯಾಸಕ್ಕಿಂತ ದಿನವೂ ಮಾಡುವ ಅರ್ಧ ಗಂಟೆಯ ಅಭ್ಯಾಸ ಮೇಲು. ಪ್ರತಿಫಲ ಕಣ್ಣಿಗೆ ಕಾಣದ ದಿನಗಳಲ್ಲಿಯೂ ಆ ಅಭ್ಯಾಸವನ್ನು ಬಿಡದಿರುವುದೇ ಸಬ್ರ್.

ಸಂಪೂರ್ಣ ಗುಣವಾಗದ ಕಾಯಿಲೆಗೆ ಇಷ್ಟೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಮಿದುಳಿನ ಘಾಸಿಯನ್ನು ಫಿಸಿಯೋಥೆರಪಿ ಅಳಿಸಲಾರದು ಎಂಬುದು ನಿಜ. ಅದರ ಗುರಿಯೂ ಅದಲ್ಲ. ತಾನೇ ಕುಳಿತು ಉಣ್ಣುವುದು, ಹಿಡಿದುಕೊಂಡು ನಿಂತು ಶೌಚಾಲಯಕ್ಕೆ ಹೋಗುವುದು, ಗಾಲಿಕುರ್ಚಿಯಲ್ಲಿ ಕುಳಿತು ಶಾಲೆಗೆ ಹೋಗುವುದು - ಇವು ಸಣ್ಣ ಸಾಧನೆಗಳಲ್ಲ. ಮಾತು ತೊದಲುವ, ಜೊಲ್ಲು ಸುರಿಸುವ ಈ ಮಕ್ಕಳಲ್ಲಿ ಅನೇಕರ ಬುದ್ಧಿ ಚುರುಕಾಗಿರುತ್ತದೆ; ನಾವಾಡುವ ಕನಿಕರದ ಮಾತುಗಳೂ ಅವರಿಗೆ ಅರ್ಥವಾಗುತ್ತಿರುತ್ತವೆ. ನಿಲ್ಲಲಾರದವನು ಕುಳಿತು, ಕೂರಲಾರದವನು ಮಲಗಿ ನಮಾಝ್ ಮಾಡಲಿ ಎಂಬ ರಿಯಾಯಿತಿಯನ್ನು ಶರೀಅತ್ ಕೊಟ್ಟಿದೆ. ಮಲಗಿಯೇ ಇರುವ ಮಗುವನ್ನು ಕುಳಿತು ನಮಾಝ್ ಮಾಡುವಂತಾಗಿಸಲು ಸಾಧ್ಯವಿದ್ದರೆ, ಆ ಹೊಣೆ ನಮ್ಮದು.

ಆದರೆ ಈ ಹೊಣೆಯನ್ನು ತಾಯಿಯೊಬ್ಬಳ ಹೆಗಲಿಗೆ ಹೊರಿಸಿ 'ಸ್ವರ್ಗ ಆಕೆಯ ಪಾಲಿಗಿದೆ' ಎಂದು ಹೊಗಳಿ ಸುಮ್ಮನಾಗುವುದು ನ್ಯಾಯವಲ್ಲ. ಇತರ ಮಕ್ಕಳು, ಅಡುಗೆ, ಬೀಡಿ ಸುತ್ತುವ ಕೆಲಸ ಅಥವಾ ಹೊಲಿಗೆ, ಇವುಗಳ ನಡುವೆ ಆಕೆ ಬೆಳೆಯುತ್ತಿರುವ ಮಗುವನ್ನು ದಿನಕ್ಕೆ ಎಷ್ಟು ಬಾರಿ ಎತ್ತಬೇಕು? ಮಗುವಿನ ಸ್ಥಿತಿಗೆ ಆಕೆಯನ್ನೇ ದೂರುವ ಅತ್ತೆಮನೆಗಳೂ ಇಲ್ಲದಿಲ್ಲ. ಪ್ರವಾದಿವರ್ಯರು(ಸ) ಮನೆಯಲ್ಲಿ ಕುಟುಂಬದ ಕೆಲಸಗಳಿಗೆ ನೆರವಾಗುತ್ತಿದ್ದರೆಂದು ಆಯಿಶಾ(ರ) ತಿಳಿಸಿದ್ದಾರೆ. ಸಂಜೆಯ ವ್ಯಾಯಾಮವು ತಂದೆಯ ಪಾಲಿನದ್ದಾಗುವುದು ಆ ಸುನ್ನತ್‌ನ ಪಾಲನೆಯೇ ಆಗಿದೆ.

ಕುಟುಂಬದ ಆಚೆಗೆ ಜಮಾಅತ್‌ನ ಪಾಲೂ ಇದೆ. ಉಮಯ್ಯದ್ ಖಲೀಫ ವಲೀದ್ ಬಿನ್ ಅಬ್ದುಲ್ ಮಲಿಕ್ ಅಂಧರಿಗೆ ಮಾರ್ಗದರ್ಶಕರನ್ನೂ ನಡೆಯಲಾರದವರಿಗೆ ಸೇವಕರನ್ನೂ ನೇಮಿಸಿದ್ದನೆಂದು ಇತಿಹಾಸಕಾರರು ದಾಖಲಿಸಿದ್ದಾರೆ. ಅಷ್ಟು ಮಾಡಲು ನಮ್ಮಲ್ಲಿ ರಾಜಭಂಡಾರವಿಲ್ಲ. ಆದರೆ ಝಕಾತ್ ಇದೆ. ಅದರ ಮೊದಲ ಹಕ್ಕುದಾರರು ಬಡವರು ಮತ್ತು ನಿರ್ಗತಿಕರು. ಬಡ ಕುಟುಂಬದ ಮಗುವಿನ ಚಿಕಿತ್ಸೆ ನಿಲ್ಲುವುದು ಅನೇಕ ಬಾರಿ ಆಸ್ಪತ್ರೆಯ ಶುಲ್ಕದಿಂದಲ್ಲ, ಆಟೋ ಬಾಡಿಗೆಯಿಂದ ಮತ್ತು ಕಳೆದುಕೊಂಡ ದಿನಗೂಲಿಯಿಂದ. ಒಂದು ಮೊಹಲ್ಲಾದಲ್ಲಿ ಇಂತಹ ಮಕ್ಕಳು ಎಷ್ಟಿರಬಹುದು? ಇಬ್ಬರೋ ಮೂವರೋ. ಅವರ ಪ್ರಯಾಣದ ಖರ್ಚನ್ನು ಜಮಾಅತ್ ವಹಿಸಲಿ. ಮದ್ರಸಾದ ಒಂದು ಕೋಣೆಯನ್ನು ವಾರಕ್ಕೊಂದು ಬೆಳಿಗ್ಗೆ ಫಿಸಿಯೋಥೆರಪಿಗಾಗಿ ತೆರೆಯಲಿ. ನಮ್ಮ ಹೆಣ್ಣುಮಕ್ಕಳೂ ಗಂಡುಮಕ್ಕಳೂ ಈ ಪದವಿಯನ್ನು ಓದುತ್ತಿರುವ ಕಾಲವಿದು. ಮಸೀದಿಯ ಮೆಟ್ಟಿಲುಗಳ ಪಕ್ಕದಲ್ಲಿ ಗಾಲಿಕುರ್ಚಿಗೊಂದು ಇಳಿಜಾರು ಇರಲಿ. ನೆರೆಮನೆಯ ಮಹಿಳೆಯರು ವಾರದಲ್ಲಿ ಎರಡು ಗಂಟೆ ಮಗುವನ್ನು ನೋಡಿಕೊಂಡು ಆ ತಾಯಿಗೆ ನಿದ್ರೆಯನ್ನು ಸದಕಾ ಮಾಡಲಿ.

ಸರಕಾರದ ಬಾಗಿಲುಗಳನ್ನೂ ತಟ್ಟಬೇಕು. ನಮ್ಮ ದೇಶದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಸೆರೆಬ್ರಲ್ ಪಾಲ್ಸಿಯನ್ನು ಹೆಸರಿಸಿಯೇ ಮಾನ್ಯ ಮಾಡಿದೆ. ರಾಷ್ಟ್ರೀಯ ನ್ಯಾಸದ 'ನಿರಾಮಯ' ವಿಮೆಯು 1 ಲಕ್ಷ ರೂಪಾಯಿಯವರೆಗೆ ರಕ್ಷಣೆ ನೀಡುತ್ತದೆ, ಥೆರಪಿಯ ವೆಚ್ಚವೂ ಅದರಲ್ಲಿ ಸೇರಿದೆ. ಅರ್ಜಿ ತುಂಬಲು ಬಾರದ ಹೆತ್ತವರಿಗೆ ವಿದ್ಯಾವಂತ ಯುವಕರು ನೆರವಾಗಲಿ. ನಾಲ್ಕೈದು ತಿಂಗಳಾದರೂ ಕತ್ತು ನಿಲ್ಲದ, ಮುಷ್ಟಿ ಬಿಚ್ಚದ, ಕಾಲುಗಳನ್ನು ಕತ್ತರಿಯಂತೆ ಸೆಟೆಸುವ, ವರ್ಷ ತುಂಬುವ ಮುನ್ನವೇ ಒಂದೇ ಕೈಯನ್ನು ಬಳಸುವ ಮಗುವನ್ನು ಕಂಡರೆ 'ನಿಧಾನವಾಗಿ ಸರಿಹೋದೀತು' ಎನ್ನದೆ ಮಕ್ಕಳ ವೈದ್ಯರಲ್ಲಿಗೆ ಕಳುಹಿಸುವ ತಿಳುವಳಿಕೆ ಪ್ರತಿಯೊಂದು ಮನೆಯ ಅಜ್ಜಿಗೂ ಇರಲಿ.

ನಮ್ಮೊಳಗಿನ ದುರ್ಬಲರ ಮೂಲಕವೇ ನಮಗೆ ಅಲ್ಲಾಹನ ಸಹಾಯವೂ ಅನ್ನಾಧಾರವೂ ದೊರೆಯುತ್ತದೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಹಾಗಿರುವಾಗ ಆ ಮಕ್ಕಳು ನಮಗೆ ಹೊರೆಯಾಗುವುದಾದರೂ ಹೇಗೆ? ಅವರ ಎಳೆಯ ಕೈಕಾಲುಗಳು ಬಿಗಿದುಕೊಳ್ಳುವ ಮುನ್ನವೇ ನಮ್ಮ ಹೃದಯಗಳು ಸಡಿಲಗೊಳ್ಳುವಂತೆ ಅಲ್ಲಾಹನು ಅನುಗ್ರಹಿಸಲಿ, ಆಮೀನ್.