ವಿದ್ಯುತ್ ವಾಹನವೂ ಜನರ ಅಂಜಿಕೆಯೂ

ವಿದ್ಯುತ್ತಿನಿಂದ ಓಡುವ ವಾಹನವು ನಿನ್ನೆ ಮೊನ್ನೆಯ ಸೃಷ್ಟಿಯೆಂದು ಬಹುಜನರು ಭಾವಿಸಿರುವರು. ವಸ್ತುಸ್ಥಿತಿ ಹಾಗಿಲ್ಲ. ರಸ್ತೆಯ ಮೇಲೆ ಗಂಟೆಗೆ 100 ಕಿಲೋಮೀಟರ್ ವೇಗವನ್ನು ಮೊತ್ತಮೊದಲು ಮೀರಿದ ಕಾರೇ ವಿದ್ಯುತ್ ಕಾರು. ಬೆಲ್ಜಿಯಮ್ಮಿನ ಕಮೀಲ್ ಜೆನಾಟ್ಸಿ ಎಂಬಾತನು 1899ರಲ್ಲಿ ಅದನ್ನು ಓಡಿಸಿದನು. ನಮ್ಮ ಬೆಂಗಳೂರಿನಲ್ಲಿಯೇ ತಯಾರಾದ ‘ರೇವಾ’ ಎಂಬ ಪುಟ್ಟ ವಿದ್ಯುತ್ ಕಾರು 2001ರಲ್ಲಿ ಮಾರಾಟಕ್ಕೆ ಬಂದಿತು. ಲಂಡನ್ನಿನ ಬೀದಿಗಳಲ್ಲಿ ಅದು ‘ಜೀ-ವಿಜ್’ ಎಂಬ ಹೆಸರಿನಿಂದ ಓಡಾಡಿತು. ತವರಿನಲ್ಲಿ ಕೊಳ್ಳುವವರು ವಿರಳರಾಗಿದ್ದರು.

“ನಡುದಾರಿಯಲ್ಲಿ ನಿಂತುಬಿಟ್ಟರೆ ಗತಿಯೇನು?” ಎಂಬುದೇ ಇಂದಿಗೂ ಮೊದಲು ಕೇಳಿಬರುವ ಮಾತು. ಇದನ್ನು ತುಸು ಲೆಕ್ಕ ಹಾಕಿ ನೋಡೋಣ. ಕಾಲೇಜಿಗೆ 15 ಕಿಲೋಮೀಟರ್ ಹೋಗಿ ಮರಳುವ ವಿದ್ಯಾರ್ಥಿಗೆ ದಿನದ ದಾರಿ 30 ಕಿಲೋಮೀಟರ್. ಇದಕ್ಕೆ ವಿದ್ಯುತ್ ಸ್ಕೂಟರಿಗೆ ಬೇಕಾಗುವುದು ಸುಮಾರು 1 ಯೂನಿಟ್. ಬ್ಯಾಟರಿಯಲ್ಲಿ 3 ಯೂನಿಟ್ ಹಿಡಿಯುವಂತಿದ್ದರೆ ಎರಡು ದಿನ ನಿಶ್ಚಿಂತೆಯಿಂದ ಓಡಾಡಬಹುದು. ವರ್ಷಕ್ಕೊಮ್ಮೆ ಧರ್ಮಸ್ಥಳಕ್ಕೆ ಹೋಗುವ ಪ್ರಯಾಣವನ್ನು ನೆನೆದು ನಿತ್ಯದ ವಾಹನವನ್ನು ಆರಿಸುವುದು, ಮದುವೆಮನೆಯ ಕೊಪ್ಪರಿಗೆಯಲ್ಲಿ ಮೂವರಿಗೆ ಅನ್ನ ಮಾಡಿದಂತೆ.

“ವಿದ್ಯುತ್ತೂ ಕಲ್ಲಿದ್ದಲಿನಿಂದಲೇ ಬರುವುದಲ್ಲವೆ?” ಎಂಬ ಆಕ್ಷೇಪಣೆಯುಂಟು. ರಾಯಚೂರಿನ ಸ್ಥಾವರದ ಮಟ್ಟಿಗೆ ಅದು ನಿಜ. ಆದರೆ ಶರಾವತಿಯ ನೀರೂ ಪಾವಗಡದ ಬಿಸಿಲೂ ಅದೇ ತಂತಿಗೆ ಬಂದು ಕೂಡುತ್ತವೆ. ಪೆಟ್ರೋಲಿಗೆ ಇಂತಹ ಸೋದರರಿಲ್ಲ.

ಆದರೆ ಎಲ್ಲ ಅಂಜಿಕೆಯೂ ಅಜ್ಞಾನವಲ್ಲ. 2022ರಲ್ಲಿ ನಮ್ಮ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳು ಹೊತ್ತಿ ಉರಿದುವು. ಅದೇ ವರ್ಷ ಸರ್ಕಾರವು ಬ್ಯಾಟರಿಗಳ ಪರೀಕ್ಷಾ ನಿಯಮಗಳನ್ನು ಬಿಗಿಗೊಳಿಸಿತು. ಜನರು ಹೆದರಿ ಗಲಾಟೆ ಮಾಡದೆ ಇದ್ದಿದ್ದರೆ ಈ ಬಿಗಿ ಅಷ್ಟು ಬೇಗ ಬರುತ್ತಿತ್ತೇ?

ಇನ್ನೊಂದು ಅಂಜಿಕೆಯಂತೂ ಪೂರಾ ನ್ಯಾಯವಾದುದು. ಬಾಡಿಗೆ ಮನೆಯ ಮೂರನೆಯ ಅಂತಸ್ತಿನಲ್ಲಿ ವಾಸಿಸುತ್ತ, ಸ್ಕೂಟರನ್ನು ಬೀದಿಯಲ್ಲಿ ನಿಲ್ಲಿಸುವ ಗುಮಾಸ್ತನು ರಾತ್ರಿ ಅದಕ್ಕೆ ವಿದ್ಯುತ್ ತುಂಬುವುದೆಲ್ಲಿಂದ? ವಿದ್ಯುತ್ ವಾಹನ ನೀತಿಯನ್ನು 2017ರಲ್ಲಿ ದೇಶದಲ್ಲೇ ಮೊದಲು ಪ್ರಕಟಿಸಿದ ರಾಜ್ಯ ನಮ್ಮದು, ಸಂತೋಷ. ನಾರ್ವೆಯಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ನೂರಕ್ಕೆ ಸುಮಾರು 89 ವಿದ್ಯುತ್ ಕಾರುಗಳೇ. ಅಲ್ಲಿನವರು ನಮಗಿಂತ ಧೈರ್ಯಶಾಲಿಗಳೆಂದು ಇದರ ಅರ್ಥವಲ್ಲ. ಸರ್ಕಾರವು ತೆರಿಗೆಯನ್ನು ಬಿಟ್ಟುಕೊಟ್ಟಿತು. ಬಹುಪಾಲು ಜನರಿಗೆ ಮನೆಯಲ್ಲಿಯೇ ವಿದ್ಯುತ್ ತುಂಬುವ ಅನುಕೂಲವಿದೆ. ನಮ್ಮ ಗುಮಾಸ್ತನಿಗೆ ಮನೆಯೊಡೆಯನು ಕೆಳಗೊಂದು ಪ್ಲಗ್ಗು ಹಾಕಿಸಲು ಒಪ್ಪುವವರೆಗೆ, ಅವನ ಹಿಂಜರಿಕೆಯನ್ನು ಮೌಢ್ಯವೆಂದು ಕರೆಯಲು ನಾನಂತೂ ಸಿದ್ಧನಿಲ್ಲ.